ಕೆಡಿಸಿದ್ದನ್ನು ಹೇಳುವವರ ನಡುವೆ

ನನಗಾದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶದ ಸೊಬಗಿನ ಮಾತುಗಳ ನಡುವೆ ಅದು ಮರೆಗೆ ಸರಿಯುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಿಂದ ಒಳಕ್ಕೆ ಹೊರಳಿದರೆ ಸಿಗುವ ಒಂದು ಹಳ್ಳಿಯ ಕೆರೆಯ ಏರಿಯ ಮೇಲೆ ಒಂದು ವೀರಗಲ್ಲು ನಿಂತಿತ್ತು. ಆ ಊರಿನ ಗುಡಿಯ ಜೀರ್ಣೋದ್ಧಾರ ಸಮಿತಿಯವರು ಕಳೆದ ವರ್ಷ ಅದನ್ನು ಕಿತ್ತು ತಂದು, ಗುಡಿಯ ಮುಂದೆ ಹೊಸದಾಗಿ ಕಟ್ಟಿಸಿದ ಗಟಾರಿನ ಮೇಲೆ, ಕೆತ್ತನೆಯ ಮುಖವನ್ನು ಕೆಳಗೆ ಮಾಡಿ, ಹಾಸುಗಲ್ಲಾಗಿ ಹಾಕಿಸಿದರು. ಏಕೆಂದು ಕೇಳಲು ಹೋದ ನನಗೆ, ಮನೆಗೆ ಹೋಗಿ ಹೋಳಿಗೆ ಮಾಡಿಕೊಂಡಿರಲು ಹೇಳಿದರು.

ಊರಿನ ಹೆಸರನ್ನು ಬರೆಯುವುದಿಲ್ಲ. ಗುರುತಿಸಬೇಕಾದವರು ಇಷ್ಟು ಓದಿದ ಕೂಡಲೇ ಗುರುತಿಸಿರುತ್ತಾರೆ.

ನಾನು ಬ್ಯಾಡಗಿಯಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಮೋಟೆಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಮತಾಜ್, ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮತ್ತು ನಾನು ಅಮಾವಾಸ್ಯೆಯ ದಿನಗಳಲ್ಲಿ, ಹೊಲದ ಕೆಲಸಕ್ಕೆ ಬಿಡುವಿರುವಾಗ, ಸುತ್ತಲಿನ ಹಳ್ಳಿಗಳ ಹಳೆಯ ಕಲ್ಲುಗಳನ್ನು ನೋಡಿಬರುತ್ತಿದ್ದೆವು. ಮುಳ್ಳು ಕಡಿಯುವುದು, ಕಸ ಬಳಿಯುವುದು, ಕಲ್ಲನ್ನು ಅಳೆದು ಅದರ ಚಿತ್ರ ಬರೆಯುವುದು, ಇಷ್ಟೇ ನಮ್ಮ ಕೆಲಸ. ಮಾಡಿರೆಂದು ನಮಗೆ ಯಾರೂ ಹೇಳಿರಲಿಲ್ಲ. ಮಾಡಬೇಡಿರೆಂದೂ ಯಾರೂ ಹೇಳಿರಲಿಲ್ಲ.

ಏರಿಯ ಮೇಲಿನ ಆ ಕಲ್ಲು ದನಗಳನ್ನು ಕಾಯಲು ಹೋಗಿ ಸತ್ತವನೊಬ್ಬನದು. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತವನು ಅವನೇ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರ ನಡುವೆ ಸ್ವರ್ಗಕ್ಕೆ ಹೊರಟವನೂ ಅವನೇ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆ, ಅವನ ಹಿಂದೆ ಆಕಳುಗಳ ಸಾಲು. ಸಾಲಿನ ಆಕಳುಗಳೆಲ್ಲ ಮುಂದೆ ನೋಡುತ್ತಿದ್ದರೆ ಕೊನೆಯದೊಂದು ಮಾತ್ರ ಕತ್ತು ಹೊರಳಿಸಿ ಹಿಂದೆ ನೋಡುತ್ತದೆ. ಕೆತ್ತಿದವನು ಬೇಸರ ಕಳೆಯಲು ಹಾಗೆ ಮಾಡಿದನೋ, ತನ್ನ ಹಟ್ಟಿಯಲ್ಲಿ ಅಂಥದೊಂದು ಆಕಳು ಇತ್ತೋ, ತಿಳಿಯದು. ಅದನ್ನು ಬರೆಯುವಾಗಲೆಲ್ಲ ನನಗೆ ನಗು ಬರುತ್ತಿತ್ತು.

ಕಲ್ಲು ಗಟಾರಿನ ಪಾಲಾದಾಗ ನಾನು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಹುಬ್ಬಳ್ಳಿಯಲ್ಲಿದ್ದೆ. ಮರಳಿ ಬಂದು ಕೇಳಿದರೆ ಸಮಿತಿಯ ಒಬ್ಬರು, "ಮಾರಿ ಉಬ್ಬುತಗ್ಗು ಇತ್ರಿ, ಗೌಂಡಿ ಕಡಿದು ಸಮ ಮಾಡ್ಯಾನ" ಎಂದರು. ಇನ್ನೊಬ್ಬರು, "ಇಲ್ರಿ, ಹಂಗ ಮಗಚಿ ಹಾಕೇವಿ" ಎಂದರು. ಮೂರನೆಯವನು ಏಳನೆಯ ಇಯತ್ತೆಯಲ್ಲಿ ನನ್ನ ಕೈಕೆಳಗೆ ಕಲಿತವನು, ಮಾವಿನಕಾಯಿ ಬರೆ ಎಂದರೆ ಬದನೆಕಾಯಿ ಬರೆದು ತರುತ್ತಿದ್ದವನು. ಅವನೇ ಎಲ್ಲರ ಮುಂದೆ ನಕ್ಕು ಹೇಳಿದ್ದು: "ಅಕ್ಕೋರ, ಅದರಾಗ ಏನೂ ಇರಲೇ ಇಲ್ಲ. ನೀವು ಮನ್ಯಾಗ ಕುಂತು ಹೋಳಿಗಿ ಮಾಡ್ರಿ, ಕಲ್ಲಿನ ಚಿಂತಿ ನಮಗ ಬಿಡ್ರಿ."

ಕಲ್ಲು ಕೂಡಿಸಿದ ಗೌಂಡಿಯನ್ನು ಕೇಳೋಣವೆಂದರೆ ಅವನು ಗೋವಾದ ಕಡೆಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಅಷ್ಟರಲ್ಲಿ ಗಟಾರಿನ ಮೇಲೂ ಕಾಂಕ್ರೀಟು ಹಾಕಿ ದಾರಿಯನ್ನು ಅಗಲ ಮಾಡುವ ಮಾತು ಹುಟ್ಟಿತು. ಕೆತ್ತನೆ ಉಳಿದಿದೆಯೆಂದು ತೋರಿಸಿದರೆ ಕಲ್ಲನ್ನು ಎತ್ತಿಸುತ್ತೇವೆ ಎಂದು ಸಮಿತಿಯವರು ಹೇಳುತ್ತಾರೆ. ಎತ್ತದೆ ತೋರಿಸುವುದು ಹೇಗೆಂದು ಹೇಳುವುದಿಲ್ಲ. ತಂಗಿಯ ಮಗಳಿರುವ ವೇಲ್ಸಿಗೆ ನಾನು ಹೊರಟಾಗ ನನ್ನ ಪೆಟ್ಟಿಗೆಗಿಂತ ಭಾರವಾಗಿದ್ದದ್ದು ಈ ಸಂಗತಿ.

ರಾಣೆಬೆನ್ನೂರು ನಿಲ್ದಾಣ

ಬೆಂಗಳೂರಿನ ಗಾಡಿಗೆ ಕೂಡಿಸಲು ಮಮತಾಜ್ ಗಿರಣಿ ಮುಚ್ಚಿ ಬಂದಿದ್ದಳು. ಅವಳ ಕೂದಲಲ್ಲಿ ಇನ್ನೂ ಜೋಳದ ಹಿಟ್ಟು. ತಾನೇ ಕುಟ್ಟಿಸಿದ ಬ್ಯಾಡಗಿ ಮೆಣಸಿನಕಾಯಿಯ ಪುಡಿಯ ಪೊಟ್ಟಣವನ್ನು ನನ್ನ ಚೀಲದಲ್ಲಿ ತುರುಕಿದಳು.

"ಅಕ್ಕೋರ, ಅಲ್ಲಿ ಹೋಗಿ ಯಾರ ಕೂಡಾನೂ ಜಗಳಾ ತಗೀಬ್ಯಾಡ್ರಿ."

"ನಾನು ಜಗಳಾ ತಗೀತೇನೇನು?"

"ತಗಿಯಂಗಿಲ್ರಿ. ಆದ್ರ ಹತ್ತಿದ ಜಗಳಾ ಬಿಡಂಗೂ ಇಲ್ಲ."

ಗಾಡಿ ಹೊರಟ ಮೇಲೆ ಉತ್ತರ ಹೊಳೆಯಿತು, ಹೇಳಲು ಅವಳಿರಲಿಲ್ಲ.

ವಿಮಾನ ನಿಲ್ದಾಣದ ಗಾಲಿಕುರ್ಚಿ

ವೇಲ್ಸಿನಲ್ಲಿ ದಾದಿಯಾಗಿರುವ ವಿದ್ಯಾ ನನ್ನ ತಂಗಿಯ ಮಗಳು, ಹಾವೇರಿಯಲ್ಲಿ ಬೆಳೆದವಳು. ನನಗೆ ನಡೆಯಲು ಕಷ್ಟವಾದೀತೆಂದು ಅವಳು ನನ್ನನ್ನು ಕೇಳದೆಯೇ ವಿಮಾನ ನಿಲ್ದಾಣಗಳಲ್ಲಿ ಗಾಲಿಕುರ್ಚಿಗೆ ಹೇಳಿಟ್ಟಿದ್ದಳು. ನನ್ನ ಹೆಸರು ಬರೆದ ಹಲಗೆ ಹಿಡಿದು ಒಬ್ಬಾತ ಕುರ್ಚಿಯೊಡನೆ ಕಾದಿದ್ದ. ನಾನು ಕೂರಲಿಲ್ಲ. ಬರಿಯ ಕುರ್ಚಿಯನ್ನು ಮರಳಿ ಒಯ್ಯಲು ತನಗೆ ಅನುಮತಿಯಿಲ್ಲ ಎಂದ. ಕೊನೆಗೆ ನನ್ನ ಚೀಲ ಕುರ್ಚಿಯಲ್ಲಿ ಕುಳಿತಿತು, ಅದರ ಪಕ್ಕದಲ್ಲಿ ನಾನು ನಡೆದೆ. ಸರತಿಯ ಸಾಲುಗಳಲ್ಲೆಲ್ಲ ಚೀಲಕ್ಕೆ ಸಿಕ್ಕ ಮರ್ಯಾದೆಯಿಂದ ನನಗೂ ದಾರಿ ಸಿಕ್ಕಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ವಿದ್ಯಾಳಿಗೆ ಆ ದಿನ ಹೇಳಬೇಕಾದದ್ದನ್ನು ಹೇಳಿದೆ.

"ದೊಡ್ಡವ್ವ, ನಿನ್ನ ಕಾಲಿನ ಕಾಳಜೀಲೆ ಮಾಡಿದೆ."

"ಕಾಲಿಗೆ ಕೇಳಿದ್ಯೇನು?"

ವಿದ್ಯಾಳ ಊರು

ಅವಳಿರುವುದು ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಸಣ್ಣ ಊರು. ಮನೆಗಳೆಲ್ಲ ಒಂದಕ್ಕೊಂದು ಭುಜ ಕೊಟ್ಟು ನಿಂತಂತೆ ಸಾಲಾಗಿವೆ. ಮಳೆ ಅಲ್ಲಿ ಬರುವುದಿಲ್ಲ, ಇರುತ್ತದೆ. ಬೀದಿಯಲ್ಲಿ ಎದುರಾದವರೆಲ್ಲ ಹವೆಯ ವಿಷಯ ಮಾತನಾಡಿ ಮುಂದೆ ಹೋಗುತ್ತಾರೆ. ಊಟವಾಯಿತೇ ಎಂದು ನಾನಲ್ಲಿದ್ದಷ್ಟು ದಿನ ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಶತ್ರುವನ್ನೂ ಕೇಳುತ್ತೇವೆ. ಇದು ನೆನಪಿನಲ್ಲಿದೆ.

ವಿದ್ಯಾಳ ಆಸ್ಪತ್ರೆಯಲ್ಲಿ ಮೊಣಕಾಲಿಗೆ ಚಿಕಿತ್ಸೆ ಪಡೆದ ಗ್ವೆನ್ ಎಂಬಾಕೆ ಕೂದಲು ಕತ್ತರಿಸುವ ಅಂಗಡಿ ನಡೆಸಿ ಈಗ ವಿಶ್ರಾಂತಿಯಲ್ಲಿರುವವಳು. ಆ ಊರಿನವರು ಕೂಡಿ, ಮೇಲಿನ ಬೆಟ್ಟದಲ್ಲಿ ಬಹಳ ಹಿಂದೆ ಪಾಳುಬಿದ್ದ ಒಂದು ಒಕ್ಕಲುಮನೆಯನ್ನು ಅಗೆದು ನೋಡುತ್ತಿದ್ದರು. ಆ ಗುಂಪಿಗೆ ಗ್ವೆನ್ ಹಿರಿಯಳು. ಅನುಮತಿ ಪಡೆದು, ಓದಿದ ತಜ್ಞೆಯೊಬ್ಬಳನ್ನು ಜೊತೆಗಿಟ್ಟುಕೊಂಡು ಮಾಡುವ ಕೆಲಸ. ಉಳಿದವರೆಲ್ಲ ಅಂಚೆ, ಅಂಗಡಿ, ಬಸ್ಸು, ಕುರಿ ಎಂದು ಬೇರೆ ಬೇರೆ ಬದುಕಿನವರು. ಕಲ್ಲಿನ ವಿಷಯ ತನ್ನ ದೊಡ್ಡವ್ವನಿಗೂ ಹುಚ್ಚು ಎಂದು ವಿದ್ಯಾ ಹೇಳಿದಳಂತೆ. ಕರೆದುಕೊಂಡು ಬಾ ಎಂದಳಂತೆ ಗ್ವೆನ್. ಹುಚ್ಚು ಎಂಬ ಮಾತಿಗೆ ವಿದ್ಯಾಳಿಂದ ಇನ್ನೂ ಸಮಾಧಾನದ ಉತ್ತರ ಬಂದಿಲ್ಲ.

ಬೆಟ್ಟದ ಮೇಲೆ ಮೊದಲ ದಿನ

ಹತ್ತಿ ಹೋಗಿ ನೋಡಿದರೆ ಅಲ್ಲಿ ಇದ್ದದ್ದು ಮೊಣಕಾಲೆತ್ತರದ ಗೋಡೆ. ತುಂಗಭದ್ರೆಗೆ ವರದೆ ಬಂದು ಸೇರುವಲ್ಲಿ ಗಳಗನಾಥದ ಗುಡಿಯ ಮುಂದೆ ಕತ್ತೆತ್ತಿ ನಿಂತವಳು ನಾನು. ಇಷ್ಟು ದೂರ ಕರೆತಂದು ಕುರಿಗಾಹಿಯ ಮನೆಯ ತಳಪಾಯ ತೋರಿಸುತ್ತಾರಲ್ಲ ಎಂದುಕೊಂಡೆ. ಯಾವ ಅರಸನೂ ಅಲ್ಲಿ ಮಲಗಿರಲಿಲ್ಲ, ಯಾವ ಶಾಸನವೂ ಸಿಕ್ಕಿರಲಿಲ್ಲ. ಆದರೂ ಜನ ಅದರ ಸುತ್ತ ಮಂಡಿಯೂರಿ ಕುಳಿತು, ಅಂಗೈಯಗಲದ ಕರಣೆಯಿಂದ ಮಣ್ಣನ್ನು ಪದರ ಪದರವಾಗಿ ಕೆರೆಯುತ್ತಿದ್ದರು. ರಾಣೆಬೆನ್ನೂರಿನ ಸುತ್ತ ಬೀಜದ ಕಂಪನಿಗಳ ಹೊಲಗಳಲ್ಲಿ ಹೆಣ್ಣುಮಕ್ಕಳು ಚಿಮಟ ಹಿಡಿದು ಒಂದೊಂದೇ ಮೊಗ್ಗು ಬಿಡಿಸುವುದನ್ನು ನೋಡಿದವರಿಗೆ ಆ ಕೈಗಳ ನಿಧಾನ ಗುರುತು ಸಿಗುತ್ತದೆ. ಅವರಿಗೆ ಅದು ಕೂಲಿ. ಇವರು ಮಳೆಯಲ್ಲಿ ನೆನೆದು ಪುಕ್ಕಟೆ ಮಾಡುತ್ತಿದ್ದರು.

ಗ್ವೆನ್ ನನ್ನ ಕೈಗೆ ಒಂದು ಕರಣೆ ಕೊಟ್ಟಳು, ಆಮೇಲೆ ಹೆಸರು ಕೇಳಿದಳು. ಈ ಅನುಕ್ರಮ ನನಗೆ ಹಿಡಿಸಿತು. ನಾನು ಬೂಟು ಬಿಚ್ಚಿಟ್ಟು ಬರಿಗಾಲಿನಲ್ಲಿ ತಗ್ಗಿಗೆ ಇಳಿದೆ. ಕೂಡಲೇ ಕೂಗಾಟ.

"ದೊಡ್ಡವ್ವ, ಬೂಟು ಹಾಕ್ಕೋಬೇಕಂತ. ಬೂಟಿಲ್ದ ಇಳದ್ರ ವಿಮಾ ನಡಿಯಂಗಿಲ್ಲಂತ!" ಎಂದಳು ವಿದ್ಯಾ.

"ಯಾರೋ ಬಾಳಿ ಬದುಕಿದ ಮನೀ ಹೊಸ್ತಲಾ ಬೂಟು ಹಾಕ್ಕೊಂಡು ದಾಟಬೇಕೇನು? ಕೇಳ ಆಕೀನ್ನ."

ವಿದ್ಯಾ ಕೇಳಿದಳು. ಗ್ವೆನ್ ತನ್ನ ಕೆಸರು ಬೂಟುಗಳನ್ನು ಒಂದು ಕ್ಷಣ ನೋಡಿಕೊಂಡಳು, ಏನೋ ಹೇಳಿದಳು.

"ಏನಂದ್ಲು?"

"'ಇಷ್ಟ ವರ್ಷ ನಾವು ಬೂಟಿನಾಗ ಹೊಕ್ಕೇವಿ, ಮನೀ ಯಜಮಾನಿ ಒಮ್ಮೆನೂ ಬೈದಿಲ್ಲ. ನಿಮಗ ಬೈದ್ರ ನಾ ಜವಾಬ್ದಾರಿ' ಅಂತಾಳ."

ಬೂಟು ಹಾಕಿಕೊಂಡೆ. ಆದರೆ ಅವಮಾನ ಅಲ್ಲಿಗೆ ಮುಗಿಯಲಿಲ್ಲ. ಮಣ್ಣಿನಿಂದ ಒಂದು ಮಡಕೆಯ ಚೂರು ಇಣುಕುತ್ತಿತ್ತು. ಹೊಲದಲ್ಲಿ ಶೇಂಗಾ ಕಿತ್ತಂತೆ ಎರಡು ಬೆರಳಿನಿಂದ ಹಿಡಿದು ಕಿತ್ತುಬಿಟ್ಟೆ. "ನಿಲ್ಲು!" ಎಂದು ಗ್ವೆನ್ ಎಲ್ಲರ ಮುಂದೆ ಕೂಗಿದಳು. ನನಗೆ ಆ ಸ್ವರದಲ್ಲಿ ಯಾರಾದರೂ ಮಾತನಾಡಿ ಬಹಳ ವರ್ಷಗಳಾಗಿದ್ದವು. ಆ ಸ್ವರ ನನ್ನದಾಗಿತ್ತು, ನನ್ನ ತರಗತಿಯಲ್ಲಿ.

ಆಮೇಲೆ ಆಕೆ ಪಕ್ಕದಲ್ಲಿ ಕುಳಿತು ಸಮಾಧಾನವಾಗಿ ತಿಳಿಸಿದಳು. ವಸ್ತು ಹೇಳುವುದು ಅರ್ಧ, ಅದು ಬಿದ್ದಿರುವ ಜಾಗ ಹೇಳುವುದು ಇನ್ನರ್ಧ. ಅಳೆದುಕೊಳ್ಳುವ ಮೊದಲು ಕಿತ್ತರೆ ಆ ಇನ್ನರ್ಧ ಎಂದಿಗೂ ಮರಳದು. ನಾನು ಕೋಪದಲ್ಲಿದ್ದೆನಾದರೂ ಕಿವಿ ಕೊಟ್ಟೆ. ಕೆರೆಯ ಏರಿಯ ಮೇಲೆ ನಿಂತಿದ್ದ ನಮ್ಮ ಕಲ್ಲು, ದನ ನೀರಿಗೆ ಇಳಿಯುವ ದಾರಿಯ ಕಡೆಗೇ ಮುಖ ಮಾಡಿತ್ತು. ಅದನ್ನು ಕಿತ್ತವರು ಆ ಅರ್ಧವನ್ನು ಆಗಲೇ ಕಳೆದಿದ್ದರು. ಉಳಿದದ್ದು ಇನ್ನರ್ಧ, ಅದು ಉಳಿದಿದೆಯೋ ಇಲ್ಲವೋ ಎಂದು ಹೇಳುವವರಿಲ್ಲ.

ಸಂಜೆಯ ಸುತ್ತು

ಕೆಲಸ ನಿಲ್ಲಿಸುವ ಹೊತ್ತಿಗೆ ಎಲ್ಲರೂ ಎದ್ದು ಒಟ್ಟಾಗಿ ತಗ್ಗಿನ ಸುತ್ತ ನಡೆದರು. ಪ್ರತಿಯೊಬ್ಬರೂ ತಾವು ಅಗೆದ ಜಾಗದ ಪಕ್ಕ ನಿಂತು ಎರಡು ಮಾತು ಹೇಳಬೇಕು: ಇವತ್ತು ಏನು ಕಂಡೆ, ಇವತ್ತು ಏನು ಕೆಡಿಸಿದೆ. ಎರಡನೆಯದು ತಪ್ಪಿಸುವಂತಿಲ್ಲ. ಕೆಡಿಸದಿದ್ದರೆ "ಏನೂ ಇಲ್ಲ" ಎಂದಾದರೂ ಹೇಳಬೇಕು.

ಅಲನ್ ಎಂಬ ಮುದುಕ, ಹಿಂದೆ ಬಸ್ಸು ಓಡಿಸುತ್ತಿದ್ದವನು, ತನ್ನ ಸರದಿಯಲ್ಲಿ ಟೋಪಿ ತೆಗೆದು ಹೇಳಿದ್ದು ಇಷ್ಟು: "ಇಲ್ಲಿ ಹಳೆಯ ಮಣ್ಣಿನ ನೆಲ ಇತ್ತು. ನಾನು ನೋಡಲಿಲ್ಲ, ಗುದ್ದಲಿಯಿಂದ ಕಡಿದುಬಿಟ್ಟೆ. ಇಲ್ಲಿಂದ ಇಲ್ಲಿಯವರೆಗೆ ಹೋಯಿತು. ಇಲ್ಲಿಂದ ಆಚೆ ಗಟ್ಟಿಯಾಗಿದೆ."

ನಾನು ಬೈಗುಳಕ್ಕಾಗಿ ಕಾದೆ. ಬರಲಿಲ್ಲ. ತಜ್ಞೆ ಬಗ್ಗಿ ಅವನು ತೋರಿಸಿದ ಗಡಿಯಲ್ಲಿ ಒಂದು ದಾರ ಕಟ್ಟಿದಳು. ಯಾರೋ, "ಬಸ್ಸನ್ನೂ ಹೀಗೇ ಓಡಿಸುತ್ತಿದ್ದೆಯಾ ಅಲನ್?" ಎಂದರು. ಅಲನ್, "ಬಸ್ಸಿಗೆ ಕಂಡಕ್ಟರ್ ಇದ್ದ" ಎಂದ. ಎಲ್ಲರೂ ನಕ್ಕರು, ಮುಂದಿನವರತ್ತ ನಡೆದರು.

ಇಳಿದು ಬರುವಾಗ ವಿದ್ಯಾ, "ಯಾಕ ದೊಡ್ಡವ್ವ, ಏನ್ ವಿಚಾರ ಮಾಡಾಕತ್ತಿ?" ಎಂದಳು. ನಾನು ಸಮಿತಿಯವರನ್ನು ನೆನೆಯುತ್ತಿದ್ದೆ. ಒಬ್ಬೊಬ್ಬರದು ಒಂದೊಂದು ಉತ್ತರ, ಒಂದರಲ್ಲೂ "ನಾನು" ಎಂಬ ಮಾತಿಲ್ಲ.

ತೊಳೆಯುವ ಮೇಜು

ಮಳೆ ಜೋರಾದ ದಿನ ಅಗೆತ ನಿಲ್ಲಿಸಿ, ಡೇರೆಯೊಳಗೆ ಮಡಕೆಯ ಚೂರುಗಳನ್ನು ತೊಳೆಯಲು ಕುಳಿತರು. ವಿದ್ಯಾಳಿಗೆ ಆ ದಿನ ಕೆಲಸ, ನಾನೊಬ್ಬಳೇ ಬಂದಿದ್ದೆ. ಬೋಗುಣಿಯಲ್ಲಿ ನೀರು, ಕೈಯಲ್ಲಿ ಹಲ್ಲುಜ್ಜುವ ಕುಂಚ. ಸುತ್ತಲಿದ್ದವರ ತೊಳೆತ ನೋಡಿ ನನಗೆ ಸಹಿಸಲಾಗಲಿಲ್ಲ. ಚೂರನ್ನು ಎರಡು ಸಲ ಉಜ್ಜಿ ಇಟ್ಟುಬಿಡುತ್ತಾರೆ! ನಮ್ಮ ತಾಯಿ ಪಾತ್ರೆಯ ಬುಡ ಬೆಳಗಿ, ಅದರಲ್ಲಿ ಮುಖ ಕಾಣದಿದ್ದರೆ ಮತ್ತೆ ಬೂದಿಗೆ ಕೈ ಹಾಕುತ್ತಿದ್ದವಳು. ನಾನು ಆ ಮನೆಯ ಮಗಳು. ಒಂದು ತಟ್ಟೆಯ ತುಂಬ ಇದ್ದ ಚೂರುಗಳ ಒಳಮೈಗೆ ಕರಿಯ ಕಿಟ್ಟ ಅಂಟಿತ್ತು. ಹಟ ಹಿಡಿದು, ಉಗುರಿನಿಂದಲೂ ಕೆರೆದು, ಒಂದೊಂದನ್ನೇ ಹೊಳೆಯುವಂತೆ ಮಾಡಿ ಸಾಲಾಗಿ ಇಡತೊಡಗಿದೆ. ಮೆಚ್ಚುಗೆ ಬರಲೆಂದು ಕಾದೆ ಎಂದರೂ ತಪ್ಪಿಲ್ಲ.

ಗ್ವೆನ್ ಬಂದು ನೋಡಿ ಕುರ್ಚಿಯಲ್ಲಿ ಕುಳಿತಳು.

ನನಗೆ ತಿಳಿಯುವಂತೆ ಬಿಡಿ ಬಿಡಿ ಮಾತಿನಲ್ಲಿ ಹೇಳಿದಳು. ಆ ಕಿಟ್ಟ ಕೊಳೆಯಲ್ಲ. ಆ ಮನೆಯಲ್ಲಿ ಎಂದೋ ಒಲೆಯ ಮೇಲೆ ಸೀದುಹೋದ ಅಡುಗೆ. ಅದನ್ನು ಪರೀಕ್ಷೆಗೆ ಕಳುಹಿಸಿದ್ದರೆ ಅವರು ಬೇಯಿಸುತ್ತಿದ್ದದ್ದು ಹಾಲೋ, ಧಾನ್ಯವೋ, ಮಾಂಸವೋ ತಿಳಿಯಬಹುದಿತ್ತು. ಯಾವುದೋ ಹೆಣ್ಣುಮಗಳು ಒಲೆಯ ಮುಂದೆ ಒಂದು ಗಳಿಗೆ ಮೈಮರೆತಿದ್ದಕ್ಕೆ ಉಳಿದಿದ್ದ ಸಾಕ್ಷಿಯನ್ನು ನಾನು ಬೆಳಗಿ ಬಚ್ಚಲಿಗೆ ಚೆಲ್ಲಿದ್ದೆ.

ಸಂಜೆ ಸುತ್ತು ಇತ್ತು. ನಾನು ಹೋಗದೆ ಇರಬಹುದಿತ್ತು, ವಯಸ್ಸಾದವಳೆಂದು ಬಿಡುತ್ತಿದ್ದರು. ಮೇಜಿನ ಬಳಿ ಎಲ್ಲರೂ ಬಂದು ನಿಂತಾಗ, ನಾನು ಬಾಯಿ ತೆರೆಯುವ ಮೊದಲು ಗ್ವೆನ್ ಹೇಳಿದಳು: "ಒಳಮೈ ತೊಳೆಯಬಾರದೆಂದು ನಾನು ಇವರಿಗೆ ಹೇಳಲಿಲ್ಲ. ಕೆಡಿಸಿದ್ದು ನಾನು." ಇದು ನನಗೆ ಹಿಡಿಸಲಿಲ್ಲ. ನನ್ನ ತಪ್ಪನ್ನು ಬೇರೆಯವರು ಹೊರುವುದು ಇನ್ನೊಂದು ಬಗೆಯ ಗಾಲಿಕುರ್ಚಿ. "ತೊಳೆದದ್ದು ನಾನು" ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ. "ಈ ಸಾಲಿನವು ಪೂರ್ತಿ ಹೋದವು. ಈ ಎರಡರಲ್ಲಿ ಅಂಚಿನಲ್ಲಿ ಸ್ವಲ್ಪ ಉಳಿದಿದೆ. ತಟ್ಟೆಯಲ್ಲಿರುವವನ್ನು ಇನ್ನೂ ಮುಟ್ಟಿಲ್ಲ."

ತಜ್ಞೆಯ ಮುಖ ಅರಳಿತು. ಎರಡು ಚೂರುಗಳನ್ನೂ ತಟ್ಟೆಯಲ್ಲಿ ಉಳಿದವನ್ನೂ ಎತ್ತಿ ಬೇರೆ ಪೆಟ್ಟಿಗೆಯಲ್ಲಿಟ್ಟಳು. ಅಷ್ಟು ಸಾಕು, ಪರೀಕ್ಷೆಗೆ ಅಷ್ಟೇ ಬೇಕಾದದ್ದು ಎಂದಳು.

ಆಗ ನನಗೆ ಅವರ ಪದ್ಧತಿಯ ಮರ್ಮ ತಿಳಿಯಿತು. ಕೆಡಿಸಿದ್ದನ್ನು ಹೇಳುವುದು ಅವರಲ್ಲಿ ದೊಡ್ಡತನವಲ್ಲ, ತಪ್ಪೊಪ್ಪಿಗೆಯೂ ಅಲ್ಲ, ಅದು ಅಳತೆ. ಎಷ್ಟು ಹೋಯಿತೆಂದು ಕೆಡಿಸಿದವನಿಗೆ ಮಾತ್ರ ಗೊತ್ತು. ಅವನು ಹೇಳಿದರೆ ಉಳಿದದ್ದು ಎಲ್ಲಿಂದ ಆರಂಭ ಎಂದು ದಾರ ಕಟ್ಟಬಹುದು. ಅವನು ಬಾಯಿ ಮುಚ್ಚಿದರೆ ಉಳಿದದ್ದೂ ಹೋದದ್ದರ ಜೊತೆಗೇ ಹೋಗುತ್ತದೆ.

ಆ ದಿನ ಮಮತಾಜಳ ಮೆಣಸಿನ ಪುಡಿಯನ್ನು ಅವರ ಸಪ್ಪೆ ಸಾರಿಗೆ ಉದುರಿಸಿದೆ. ಆ ಕೆಂಪು ನೋಡಿ ಎಲ್ಲರೂ ಚಮಚ ಕೆಳಗಿಟ್ಟರು. ಅಲನ್ ಮಾತ್ರ ಕಣ್ಣು ಮುಚ್ಚಿ ನುಂಗಿದ, ಕಾದ, ಏನೂ ಆಗದಿರಲು ಕಣ್ಣು ತೆರೆದ. ಬ್ಯಾಡಗಿಯದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ತಿಳಿಸಿದೆ. "ನಿಮ್ಮ ಹಾಗೆಯೇ" ಎಂದ. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಇನ್ನೂ ನಿರ್ಧರಿಸಿಲ್ಲ.

ಮುಚ್ಚುವ ದಿನ

ಕೊನೆಯ ದಿನ ಹೋದಾಗ ಎಲ್ಲರೂ ಸಲಿಕೆ ಹಿಡಿದಿದ್ದರು. ಅಷ್ಟು ಜತನದಿಂದ ತೆರೆದ ಮನೆಯ ಮೇಲೆ ಬಟ್ಟೆ ಹಾಸಿ, ತೆಗೆದ ಮಣ್ಣನ್ನೇ ಮತ್ತೆ ಎಳೆಯುತ್ತಿದ್ದರು!

"ಇದೇನಿದು? ಇಷ್ಟೆಲ್ಲ ಮಾಡಿ ಹೂಳಾಕತ್ತಾರಲ್ಲ!" ಎಂದೆ ವಿದ್ಯಾಳಿಗೆ. ಆ ದಿನ ಅವಳಿಗೆ ರಜೆ.

"ಅಳದಾರ, ಬರದಾರ, ಫೋಟೋ ತಗದಾರ. ಇನ್ನ ಮಳಿ, ಗಾಳಿ, ಕುರಿ ಕಾಲು ಹತ್ತಬಾರದು. ಮಣ್ಣಾಗ ಇದ್ರ ಬೆಚ್ಚಗ ಇರತೈತಂತ."

ಬಟ್ಟೆಯ ಮೇಲೆ ಈ ವರ್ಷದ ಒಂದು ನಾಣ್ಯ ಇಡುವುದು ಅವರ ರೂಢಿ, ಮುಂದೆ ಅಗೆಯುವವರಿಗೆ ಇಲ್ಲಿಯವರೆಗೆ ನಾವು ಬಂದಿದ್ದೆವೆಂದು ತಿಳಿಯಲಿ ಎಂದು. ಗ್ವೆನ್ ನನ್ನತ್ತ ನೋಡಿದಳು. ನಾನು ಚೀಲದಿಂದ ಒಂದು ರೂಪಾಯಿ ತೆಗೆದುಕೊಟ್ಟೆ. "ವೇಲ್ಸಿನ ಕುರಿಗಾಹಿಯ ಮನೆಯಲ್ಲಿ ಭಾರತದ ದುಡ್ಡು! ತಲೆ ಕೆಡಿಸಿಕೊಳ್ಳಲಿ" ಎಂದು ನಕ್ಕಳು.

ಬೆಳಗಿನ ಚಹಾದ ಹೊತ್ತಿನಲ್ಲಿ, ಹಾಲು ಹೆಚ್ಚಾಗಿ ಪುಡಿ ಕಡಿಮೆಯಾದ ಆ ಚಹಾದ ವಿಷಯ ನಾನು ಏನೂ ಹೇಳುವುದಿಲ್ಲ, ನಮ್ಮ ಕಲ್ಲಿನ ಕಥೆಯನ್ನು ಮೊದಲ ಸಲ ಬಿಡಿಸಿ ಹೇಳಿದೆ. ಫೋನಿನಲ್ಲಿದ್ದ ನನ್ನ ಚಿತ್ರವನ್ನು ತೋರಿಸಿದೆ. ಗ್ವೆನ್ ಅದನ್ನು ಹಿಗ್ಗಿಸಿ, ತಿರುಗಿ ನೋಡುವ ಆಕಳನ್ನು ಬಹಳ ಹೊತ್ತು ನೋಡಿದಳು. ಯಾರು ಅಳೆದದ್ದು, ಯಾರು ಬರೆದದ್ದು ಎಂದು ಕೇಳಿದಳು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇವರು ನಮ್ಮ ಅತಿಥಿಯಲ್ಲ, ಬ್ಯಾಡಗಿಯ ಗುಂಪಿನ ಹಿರಿಯರು" ಎಂದಳು. ಮನೆಗೆ ಹೋಗಿ ಹೋಳಿಗೆ ಮಾಡು ಎಂದು ಹೇಳಿಸಿಕೊಂಡು ಬಂದವಳಿಗೆ ಆ ಮಾತು ಎಲ್ಲಿ ತಾಕಿತೆಂದು ಬರೆಯಬೇಕಾಗಿಲ್ಲ.

ಆಮೇಲೆ ಅವಳು ಕೇಳಿದ್ದು ಸಾದಾ ಪ್ರಶ್ನೆ. ವಿದ್ಯಾ ತಿಳಿಸಿದಳು: "ಮಾರಿ ಕೆಳಗ ಇದ್ರ ಛಲೋನ ಆತು ಅಂತಾಳ, ದೊಡ್ಡವ್ವ. ಯಾರೂ ತುಳಿದಿಲ್ಲ, ಬಣ್ಣಾ ಬಳದಿಲ್ಲ. ಗಟಾರದ ನೀರು ಹತ್ತೇತೇನು ಅಂತ ಕೇಳಾಕತ್ತಾಳ."

"ನೀರೇ ಬಂದಿಲ್ಲ. ಆ ಗಟಾರ ಎಲ್ಲಿಂದಾನೂ ಬರಂಗಿಲ್ಲ, ಎಲ್ಲಿಗೂ ಹೋಗಂಗಿಲ್ಲ. ಕಟ್ಟಿ ಬಿಟ್ಟಾರ ಅಷ್ಟ."

"ಹಂಗಾದ್ರ ಕೆಳಗ ಕೈ ಹಾಕಿ ನೋಡೀರೇನು ಅಂತ."

ಹಾಕಿರಲಿಲ್ಲ. ಕಲ್ಲಿನ ಒಂದು ತುದಿಯಲ್ಲಿ ತೋಳು ಹೋಗುವಷ್ಟು ಸಂದು ಇದೆ. ಅದರ ಪಕ್ಕದಲ್ಲಿ ನಾವು ಎಷ್ಟೋ ಸಲ ನಿಂತು ಹೊಟ್ಟೆ ಉರಿಸಿಕೊಂಡಿದ್ದೇವೆ. ಎಂದೂ ಹನಿ ನೀರು ಕಾಣದ ಒಣ ಕಾಲುವೆ. ಆದರೆ ಗಟಾರ ಎಂಬ ಹೆಸರು ಬಿದ್ದಿತ್ತಲ್ಲ; ಗಟಾರಿನಲ್ಲಿ ಕೈ ಹಾಕುವುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಕೂಡಲೇ ಮಮತಾಜಳಿಗೆ ಫೋನು ಹಚ್ಚಿದೆ. ನಮ್ಮಲ್ಲಿ ಆಗ ಇಳಿಹೊತ್ತು. ಅವಳು ಗಿರಣಿಯನ್ನು ಮಗಳ ಕೈಗೆ ಕೊಟ್ಟು, ಗಾಡಿ ಹತ್ತಿ ಆ ಹಳ್ಳಿಗೆ ಹೋಗಿ, ಗುಡಿಯ ಮುಂದೆ ನಿಂತು ಮುಖ ತೋರಿಸಿ ಮಾತನಾಡುವ ಕರೆ ಮಾಡುವವರೆಗೆ ವೇಲ್ಸಿನ ಬೆಟ್ಟದ ಮೇಲೆ ಸಲಿಕೆಗಳೆಲ್ಲ ನಿಂತಿದ್ದವು.

"ಯಾ ಅಲ್ಲಾ, ಗಟಾರದಾಗ ಕೈ ಹಾಕಂತೀರೇನ್ರಿ ಅಕ್ಕೋರ?"

"ಅದರಾಗ ನೀರು ಯಾವಾಗರ ಬಂದೇತೇನು?"

"ಇಲ್ಲ ಖರೇ. ಆದ್ರೂ ಗಟಾರಲ್ರಿ ಅದು."

"ಹೆಸರಿಗೆ ಗಟಾರ. ಕೈ ಹಾಕ ಮಮತಾಜ್."

ಅವಳು ನೆಲಕ್ಕೆ ಒರಗಿ ತೋಳು ತೂರಿಸಿದಳು. ಕಟ್ಟೆಯ ಮೇಲೆ ಕುಳಿತಿದ್ದ ಯಾರೋ ಹಿರಿಯರ ಧ್ವನಿ ಕೇಳಿತು: "ಏನ್ ಕಳಕೊಂಡೀಯವಾ ತಂಗಿ?"

"ಆಕಳ ಕಳದೈತ್ರಿ ಕಾಕಾ, ಹುಡುಕಾಕತ್ತೇನಿ."

"ಗಟಾರದಾಗ?"

"ಹೂಂನ್ರಿ, ಗಟಾರದಾಗ."

ನನ್ನ ಭುಜದ ಸುತ್ತ ಆ ಜನರೆಲ್ಲ ಬಗ್ಗಿದ್ದರು.

"ಉಬ್ಬು ಹತ್ತತೈತ್ರಿ... ಕಾಲು. ಹೂಂ, ಕಾಲು. ಇದು ಹೊಟ್ಟಿ. ಇನ್ನೊಂದು ಐತಿ ಬಾಜೂಕ. ಸ್ವಲ್ಪ ತಡೀರಿ..." ಆಮೇಲೆ ಅವಳ ಧ್ವನಿ ಬದಲಾಯಿತು. "ಅಕ್ಕೋರ, ಇದರ ಕೊಂಬು ಹಿಂದಕ್ಕ ಅದಾವ್ರಿ. ಕುತಗಿ ಹೊಳ್ಳೇತಿ. ನಮ್ಮದ ಇದು! ನಮ್ಮ ಆಕಳನ!"

ವಿದ್ಯಾ ಅವರಿಗೆ ತಿಳಿಸುವ ಮೊದಲೇ ಗ್ವೆನ್ ನನ್ನ ಮುಖ ನೋಡಿ ತಿಳಿದುಕೊಂಡಿದ್ದಳು. ಅಲನ್ ಟೋಪಿಯನ್ನು ಗಾಳಿಗೆ ಎಸೆದ. ಅದು ಮುಚ್ಚುತ್ತಿದ್ದ ತಗ್ಗಿನಲ್ಲಿ ಬಿತ್ತು. ನಾನು ಕಣ್ಣು ಒರೆಸಿಕೊಂಡೆ. ಶಸ್ತ್ರಚಿಕಿತ್ಸೆಯಾದ ಕಣ್ಣು, ಗಾಳಿಗೆ ನೀರು ಬರುತ್ತದೆ.

ಮರಳಿ, ಗಟಾರಿನ ಮುಂದೆ

ಬಂದ ಮೇಲೆ ನಾನೂ ನೆಲಕ್ಕೆ ಒರಗಿ ತೋಳು ತೂರಿಸಿದೆ. ಕೊನೆಯ ಆಕಳು ತಣ್ಣಗೆ ನನ್ನ ಬೆರಳಿಗೆ ಸಿಕ್ಕಿತು. ಅದರ ಮುಂದಿನದೂ ಸಿಕ್ಕಿತು. ಅಲ್ಲಿಂದಾಚೆ ತೋಳು ಹೋಗುವುದಿಲ್ಲ. ವೀರನಿದ್ದಾನೋ, ಅಪ್ಸರೆಯರಿದ್ದಾರೋ, ಗೌಂಡಿಯ ಉಳಿ ಎಲ್ಲಿಯಾದರೂ ಬಿದ್ದಿದೆಯೋ, ತಿಳಿಯದು.

ಸಮಿತಿಯವರಿಗೆ ಹೇಳಿ ಕಳುಹಿಸಿದೆ. ಬದನೆಕಾಯಿಯ ವಿದ್ಯಾರ್ಥಿ ಬಂದ, ನಿಂತೇ ಮಾತನಾಡಿದ: "ಬಗ್ಗಿ ಕೈ ಹಾಕಿದ್ರ ಏನ್ ಸಾಬೀತಾಕ್ಕೇತ್ರಿ ಅಕ್ಕೋರ? ಕಾಂಕ್ರೀಟಿನವರು ಬರೋರದಾರ. ಆಮ್ಯಾಲ ನೋಡೋಣ್ರಿ." ಕಾಂಕ್ರೀಟು ಬಿದ್ದ ಮೇಲೆ ನೋಡುವುದೇನೆಂದು ಕೇಳಿದೆ. ಗಾಡಿ ಚಾಲೂ ಮಾಡಿದ.

ಸಮಿತಿಯ ಹಿರಿಯರೇ, ನೀವು ಕ್ಷಮೆ ಕೇಳಬೇಕೆಂದು ನಾನು ಇದನ್ನು ಬರೆದಿಲ್ಲ. ಹೋಳಿಗೆಯ ಮಾತನ್ನು ಕ್ಷಮೆಯಿಂದ ಮರೆಯುವವಳೂ ನಾನಲ್ಲ. ಜೆಸಿಬಿಯ ಹಲ್ಲು ಬೇಡ. ಬಲ್ಲವರನ್ನು ಕರೆಸಿ, ಕೈಯಿಂದ ಎತ್ತಿಸಿ ಎಂಬುದಷ್ಟೇ ನನ್ನ ಕೋರಿಕೆ. ಅದಕ್ಕೂ ಮೊದಲು ಒಂದು ಸಂಗತಿ ಬೇಕು, ಅದು ನಿಮ್ಮ ಬಳಿ ಮಾತ್ರ ಇದೆ. ಬರುವ ಅಮಾವಾಸ್ಯೆಗೆ ನಾನೂ ಮಮತಾಜಳೂ ಆ ಕಲ್ಲಿನ ಪಕ್ಕದಲ್ಲಿ ನಿಂತಿರುತ್ತೇವೆ. ನಿಮ್ಮಲ್ಲಿ ಒಬ್ಬರಾದರೂ ಬನ್ನಿ, ನಮ್ಮ ಎದುರಿಗೆ ನಿಂತು, ಊರಿನವರೆಲ್ಲ ಕೇಳುವಂತೆ ಹೇಳಿ: ನೀವು ಕೆಡಿಸಿದ್ದು ಎಲ್ಲಿಂದ ಎಲ್ಲಿಯವರೆಗೆ?